ಟ್ಯಾನರ್ ಬ್ಯಾಂಕಿನ ಕಡೆಗೆ: ಸ್ಯಾನ್ ಡಿಯಾಗೊದಿಂದ ಒಂದು ಮೀನುಬೇಟೆಯ ಪಯಣ

ಶುಕ್ರವಾರ

ಸ್ಯಾನ್ ಡಿಯಾಗೊ ಕೊಲ್ಲಿಯನ್ನು ಪಶ್ಚಿಮದ ತೆರೆದ ಕಡಲಿನಿಂದ ಮರೆಮಾಡಿ ನಿಂತಿರುವ ಉದ್ದನೆಯ ಗುಡ್ಡದ ಸಾಲಿಗೆ ಪಾಯಿಂಟ್ ಲೋಮಾ ಎಂದು ಹೆಸರು. ಅದರ ಒಳಮಗ್ಗುಲಿನಲ್ಲಿ, ಗಾಳಿ ತಾಗದ ನೀರಿನಲ್ಲಿ, ಹವ್ಯಾಸಿ ಮೀನುಬೇಟೆಯ ದೋಣಿಗಳು ನಿಲ್ಲುವ ಧಕ್ಕೆಗಳಿವೆ. ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಈ ಊರಿನಿಂದ ಅರ್ಧ ದಿನದ ಪ್ರಯಾಣದಿಂದ ಹಿಡಿದು ಎರಡು ವಾರ ಮೀರಿದ ಪ್ರಯಾಣದವರೆಗೆ ದೋಣಿಗಳು ಹೊರಡುತ್ತವೆ. ಟಿಕೆಟ್ ಕೊಂಡ ಯಾರು ಬೇಕಾದರೂ ಹತ್ತಬಹುದಾದ ಸಾಮಾನ್ಯ ಪ್ರಯಾಣ ಒಂದು ಬಗೆಯದಾದರೆ, ಒಂದು ಗುಂಪು ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿಯುವ ಚಾರ್ಟರ್ ಇನ್ನೊಂದು ಬಗೆಯದು. ಇಲ್ಲಿ ಬಹುಕಾಲದಿಂದ ನೆಲೆಸಿರುವ ನನ್ನ ಭಾವನ ಗೆಳೆಯರ ಗುಂಪು ಪ್ರತಿ ಬೇಸಿಗೆಯಲ್ಲೂ ಹೀಗೊಂದು ಚಾರ್ಟರ್ ಮಾಡುತ್ತದೆ. ಈ ಸಲ ಒಬ್ಬರು ಬರಲಾಗದೆ ಅವರ ಜಾಗ ನನಗೆ ಸಿಕ್ಕಿತು. ಶುಕ್ರವಾರ ಸಂಜೆ ಹೊರಟು, ಶನಿವಾರ ಇಡೀ ದಿನ ಮೀನು ಹಿಡಿದು, ಭಾನುವಾರ ಬೆಳಗ್ಗೆ ಧಕ್ಕೆಗೆ ಮರಳುವ ಈ ಕ್ರಮವನ್ನು ಇಲ್ಲಿಯವರು ಒಂದೂವರೆ ದಿನದ ಪ್ರಯಾಣ ಎನ್ನುತ್ತಾರೆ.

ಹದಿನಾರು ವರ್ಷ ತುಂಬಿದ ಯಾರೇ ಆದರೂ ಕ್ಯಾಲಿಫೋರ್ನಿಯಾದ ಮೀನುಗಾರಿಕೆ ಲೈಸೆನ್ಸ್ ಇಲ್ಲದೆ ದೋಣಿಯಿಂದ ಗಾಳ ಹಾಕುವಂತಿಲ್ಲ. ಒಂದು ದಿನದ ಮತ್ತು ಎರಡು ದಿನದ ಲೈಸೆನ್ಸುಗಳೂ ಇವೆ. ಮೆಕ್ಸಿಕೋದ ನೀರಿಗೆ ಹೋಗುವುದಾದರೆ ಪಾಸ್‌ಪೋರ್ಟ್ ಮತ್ತು ಆ ದೇಶದ ಪರವಾನಗಿಯೂ ಬೇಕಾಗುತ್ತದೆ. ನಮ್ಮ ದೋಣಿ ದಕ್ಷಿಣಕ್ಕೆ ತಿರುಗದೆ ನೇರ ಪಶ್ಚಿಮಕ್ಕೆ, ಟ್ಯಾನರ್ ಬ್ಯಾಂಕ್ ಎಂಬ ಕಡಲೊಳಗೆ ಮುಳುಗಿರುವ ದಿಬ್ಬದ ಕಡೆಗೆ, ಅಮೆರಿಕದ ನೀರಿನಲ್ಲೇ ಹೋಗುವುದೆಂದು ಗೊತ್ತಾದ್ದರಿಂದ ಆ ಗೋಜು ಬರಲಿಲ್ಲ. ಧಕ್ಕೆಯ ಕಚೇರಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟರು. ಮಲಗುವ ಮಂಚಕ್ಕೂ, ಹಿಡಿದ ಮೀನಿನ ಕಿವಿರಿಗೆ ಹೊಡೆಯುವ ಚೀಟಿಗೂ, ಕೊನೆಯಲ್ಲಿ ತಿಂದ ಊಟದ ಲೆಕ್ಕಕ್ಕೂ ಅದೇ ಸಂಖ್ಯೆ. ಹೆಸರನ್ನು ಯಾರೂ ಕೇಳಲಿಲ್ಲ.

ಮೀನುಬೇಟೆ ಈ ದಡಕ್ಕೆ ಹವ್ಯಾಸವಾಗಿ ಬಂದದ್ದಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಸ್ಯಾನ್ ಡಿಯಾಗೊ ತನ್ನನ್ನು ಜಗತ್ತಿನ ಟ್ಯೂನಾ ರಾಜಧಾನಿ ಎಂದು ಕರೆದುಕೊಳ್ಳುತ್ತಿತ್ತು. ಪೋರ್ಚುಗೀಸ್, ಇಟಾಲಿಯನ್ ಮತ್ತು ಜಪಾನೀ ಮೂಲದ ಮೀನುಗಾರರು ದೋಣಿಯ ಅಂಚಿಗೆ ತೂಗುಹಾಕಿದ ಕಬ್ಬಿಣದ ಜಾಲಂದ್ರದ ಮೇಲೆ, ಮೊಣಕಾಲುಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಬಿದಿರಿನ ಕೋಲುಗಳಿಂದ ಟ್ಯೂನಾವನ್ನು ಎತ್ತಿ ಬೆನ್ನಹಿಂದಕ್ಕೆ ಎಸೆಯುತ್ತಿದ್ದರು. ಮೀನು ದೊಡ್ಡದಾದಾಗ ಎರಡು ಅಥವಾ ಮೂರು ಕೋಲುಗಳ ದಾರವನ್ನು ಒಂದೇ ಗಾಳಕ್ಕೆ ಕಟ್ಟಿ, ಅಷ್ಟೂ ಜನ ಒಂದೇ ಉಸಿರಿಗೆ ಎತ್ತಬೇಕಾಗುತ್ತಿತ್ತು. ಹತ್ತಿರದ ಶೆಲ್ಟರ್ ಐಲೆಂಡಿನಲ್ಲಿ ಹಾಗೆ ಕೋಲೆತ್ತಿದ ಮೂವರ ಕಂಚಿನ ಸ್ಮಾರಕವಿದೆ. ಬಲೆಯ ಹಡಗುಗಳು ಬಂದು ಕೋಲಿನ ಕಾಲ ಮುಗಿಯಿತು. 1980ರ ದಶಕದಲ್ಲಿ ಡಬ್ಬಿ ಕಟ್ಟುವ ದೊಡ್ಡ ಕಾರ್ಖಾನೆಗಳೂ ಮುಚ್ಚಿಕೊಂಡವು. ಆದರೆ ಜೀವಂತ ಎರೆಯನ್ನು ಟ್ಯಾಂಕಿನಲ್ಲಿ ತುಂಬಿಕೊಂಡು ಹೋಗಿ, ಅದನ್ನು ನೀರಿಗೆ ಎರಚಿ ಟ್ಯೂನಾವನ್ನು ದೋಣಿಯ ಬುಡಕ್ಕೆ ಕರೆಯುವ ಅವರ ವಿದ್ಯೆ ಹಾಗೆಯೇ ಉಳಿದುಕೊಂಡಿದೆ. ಈಗಿನ ಹವ್ಯಾಸಿ ದೋಣಿಗಳು ನಡೆಯುತ್ತಿರುವುದೇ ಆ ವಿದ್ಯೆಯ ಮೇಲೆ.

ಆದ್ದರಿಂದ ಧಕ್ಕೆಯಿಂದ ಬಿಟ್ಟ ದೋಣಿ ಮೊದಲು ಹೋದದ್ದು ಕಡಲಿಗಲ್ಲ, ಬಂದರಿನ ಬಾಯಿಯ ಬಳಿ ತೇಲುತ್ತಿರುವ ಎರೆಯ ಕಟ್ಟೆಗೆ. ಮರದ ಹಲಗೆಗಳ ನಡುವೆ ಚೌಕಾಕಾರದ ಬಲೆಗೂಡುಗಳು. ಪ್ರತಿ ಗೂಡಿನಲ್ಲೂ ಸಾವಿರಾರು ಸಾರ್ಡೀನ್‌ಗಳು. ನಮ್ಮ ಕರಾವಳಿಯ ಬೂತಾಯಿಗೆ ದೂರದ ನಂಟಿರುವ ಈ ಮೀನು ಒಂದು ಗೇಣಿಗೂ ಕಡಿಮೆ ಉದ್ದದ್ದು, ಹಸಿರು ಬೆನ್ನು, ಪಕ್ಕೆಯಲ್ಲಿ ಸಾಲಾಗಿ ಕಪ್ಪು ಚುಕ್ಕೆ. ಹಲಗೆಗಳ ಮೇಲೆಲ್ಲ ಕಡಲಸಿಂಹಗಳು ಒಂದರ ಮೈಮೇಲೊಂದು ಬಿದ್ದುಕೊಂಡು ಬೊಗಳುತ್ತಿದ್ದವು, ದುರ್ನಾತ ದೋಣಿಯವರೆಗೂ ಬರುತ್ತಿತ್ತು. 1972ರ ಸಾಗರ ಸಸ್ತನಿಗಳ ರಕ್ಷಣಾ ಕಾಯಿದೆಯ ಪ್ರಕಾರ ಅವುಗಳನ್ನು ಯಾರೂ ಮುಟ್ಟುವಂತಿಲ್ಲ, ಮತ್ತು ಅದು ಅವುಗಳಿಗೂ ಗೊತ್ತಿರುವಂತೆ ಕಾಣುತ್ತದೆ.

ನನಗೆ ಬೇಗ ಕಡಲಿಗೆ ಹೋಗಿಬಿಡುವ ತವಕ. ಭಾವ ನಕ್ಕರು. "ಎಂತ ಅವಸರ ನಿನಗೆ? ಮೊದಲು ಬೈಟ್ ಸರಿ ಆಗಲಿ ಮಾರಾಯ. ಇಲ್ಲಿ ಕೆಟ್ಟರೆ ಅಲ್ಲಿ ಹೋಗಿ ಮಾಡುವುದು ಎಂತ ಉಂಟು?"

ಅವರ ಮಾತಿನ ಅರ್ಥ ಮರುದಿನ ಪೂರ್ತಿ ತಿಳಿಯಿತು. ರಾತ್ರಿ ಬಲೆಯಲ್ಲಿ ಸಿಕ್ಕಿದ ಸಾರ್ಡೀನನ್ನು ಆಗಲೇ ದೋಣಿಗೆ ತುಂಬಿದರೆ, ಹುರುಪೆ ಉದುರಿ ಹೆದರಿದ ಆ ಮೀನುಗಳಲ್ಲಿ ಬಹಳಷ್ಟು ದಾರಿಯಲ್ಲೇ ಸಾಯುತ್ತವೆ. ಗೂಡಿನಲ್ಲಿ ಕೆಲವು ದಿನ ಇಟ್ಟರೆ ಬಲಹೀನವಾದವು ಸತ್ತು, ಉಳಿದವು ಇಕ್ಕಟ್ಟಿಗೆ ಹೊಂದಿಕೊಂಡು ಗಟ್ಟಿಯಾಗುತ್ತವೆ. ಇಬ್ಬರು ಕಲಾಸಿಗಳು ಉದ್ದ ಹಿಡಿಯ ಬಲೆಯಿಂದ ಮೊಗೆಮೊಗೆದು ಕೊಟ್ಟದ್ದನ್ನು ಇನ್ನಿಬ್ಬರು ಹಿಂಬದಿಯ ಟ್ಯಾಂಕುಗಳಿಗೆ ಸುರಿದರು. ಹಾಗೆ ಸುರಿಯುವಾಗ ಎತ್ತರದಿಂದ ಬೀಳಿಸದೆ, ಬಲೆಯನ್ನು ನೀರಿನೊಳಕ್ಕೇ ಇಳಿಸಿ ಮಗುಚುತ್ತಿದ್ದರು. ಪಂಪು ತಳದಿಂದ ಹೊಸ ನೀರು ತಳ್ಳುತ್ತಿದ್ದ ದುಂಡನೆಯ ಟ್ಯಾಂಕಿನಲ್ಲಿ ಮೀನುಗಳು ಒಂದೆರಡು ನಿಮಿಷ ಕಂಗೆಟ್ಟು ಚೆದುರಿ, ಆಮೇಲೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಸುತ್ತತೊಡಗಿದವು. ದಡದ ಮಾರುಕಟ್ಟೆಗಾಗಿ ಸಾರ್ಡೀನ್ ಹಿಡಿಯುವ ಮುಖ್ಯ ಮೀನುಗಾರಿಕೆಯನ್ನು ಅಮೆರಿಕದ ಪಶ್ಚಿಮ ತೀರದಲ್ಲಿ 2015ರಿಂದ ನಿಲ್ಲಿಸಲಾಗಿದೆ; ಜೀವಂತ ಎರೆಗಾಗಿ ಹಿಡಿಯುವುದಕ್ಕೆ ಮಾತ್ರ ಮಿತಿಯೊಳಗೆ ಅವಕಾಶ ಉಳಿಸಿದ್ದಾರೆ. ಮನುಷ್ಯರ ಊಟಕ್ಕೆ ಇಲ್ಲವೆಂದ ಮೀನು ಟ್ಯೂನಾದ ಬೇಟೆಗೆ ಸಿಗುತ್ತದೆ ಎಂಬುದು ಕೇಳಲು ವಿಚಿತ್ರವಾದರೂ, ಎರೆಗೆ ಬೇಕಾಗುವ ಪ್ರಮಾಣ ಕಾರ್ಖಾನೆಗಳ ಹಸಿವಿನ ಎದುರು ತೀರ ಸಣ್ಣದು.

ಕೊಲ್ಲಿಯಿಂದ ಹೊರಬೀಳುವಾಗ ಬಲಗಡೆ ನೌಕಾಪಡೆಯ ಜಲಾಂತರ್ಗಾಮಿ ನೆಲೆ, ಅದರ ಮೇಲೆ ಗುಡ್ಡದ ನೆತ್ತಿಯಲ್ಲಿ 1855ರಲ್ಲಿ ಬೆಳಗಿದ ಹಳೆಯ ದೀಪಸ್ತಂಭ ಕಂಡವು. ಅಷ್ಟು ಎತ್ತರದ ದೀಪವನ್ನು ಮಂಜು ಪದೇ ಪದೇ ಮುಚ್ಚುತ್ತಿದ್ದುದರಿಂದ 1891ರಲ್ಲಿ ಗುಡ್ಡದ ಬುಡದಲ್ಲಿ ಹೊಸದೊಂದನ್ನು ಕಟ್ಟಿದರು. ಕ್ಯಾಪ್ಟನ್ ಎಲ್ಲರನ್ನೂ ಊಟದ ಕೋಣೆಗೆ ಕರೆದು ಜೀವರಕ್ಷಕ ಜಾಕೆಟ್ಟುಗಳ ಜಾಗ, ಯಾರಾದರೂ ನೀರಿಗೆ ಬಿದ್ದರೆ ಮಾಡಬೇಕಾದದ್ದು, ಕೆಳಗಿನ ಮಂಚಗಳ ಕೋಣೆಯಿಂದ ಹೊರಬರುವ ಎರಡು ದಾರಿಗಳು, ಇಷ್ಟನ್ನು ನಿಧಾನವಾಗಿ ಹೇಳಿದರು. 2019ರ ಸೆಪ್ಟೆಂಬರಿನಲ್ಲಿ ಸಾಂತಾ ಕ್ರೂಸ್ ದ್ವೀಪದ ಬಳಿ ಕನ್ಸೆಪ್ಶನ್ ಎಂಬ ಡೈವಿಂಗ್ ದೋಣಿಗೆ ರಾತ್ರಿ ಬೆಂಕಿ ಬಿದ್ದು, ಕೆಳಗೆ ಮಲಗಿದ್ದ 34 ಮಂದಿ ಸತ್ತಿದ್ದರು. ಆ ಬಳಿಕ ಈ ತೀರದಲ್ಲಿ ಇಂಥ ಮಾತನ್ನು ಯಾರೂ ಅರೆಮನಸ್ಸಿನಿಂದ ಕೇಳುವುದಿಲ್ಲ. ನಾವು ಮಲಗಿರುವಾಗ ಒಬ್ಬ ಕಲಾಸಿ ಇಡೀ ರಾತ್ರಿ ದೋಣಿಯನ್ನು ಸುತ್ತುತ್ತಾ ಕಾವಲಿರುತ್ತಾನೆ ಎಂದೂ ಹೇಳಿದರು.

ಆಮೇಲೆ ಗಾಳ, ದಾರದ ಪಾಠ. ಹಿರಿಯ ಕಲಾಸಿ ಪ್ರತಿಯೊಬ್ಬರ ಕೋಲನ್ನೂ ಕೈಗೆ ತೆಗೆದುಕೊಂಡು, ರೀಲಿನ ಬಿಗಿತವನ್ನು ತಕ್ಕಡಿಯಿಂದ ಎಳೆದು ನೋಡಿದ. ದಾರ ತಡೆಯುವ ಭಾರದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಎಳೆತಕ್ಕೆ ರೀಲು ಬಿಟ್ಟುಕೊಡಬೇಕು. ಅದಕ್ಕಿಂತ ಬಿಗಿಯಾದರೆ ಮೀನಿನ ಮೊದಲ ಓಟಕ್ಕೇ ದಾರ ತುಂಡಾಗುತ್ತದೆ. ಹಗಲಿಗೆ 30 ಮತ್ತು 40 ಪೌಂಡಿನ ದಾರ, ತುದಿಗೆ ನೀರಿನಲ್ಲಿ ಸುಲಭವಾಗಿ ಕಾಣದ ಫ್ಲೋರೊಕಾರ್ಬನ್; ರಾತ್ರಿಗೆ 100 ಪೌಂಡಿನದು. ನನಗೆ ಎಲ್ಲವನ್ನೂ ಭಾವನೇ ಕಟ್ಟಿಕೊಟ್ಟರು. ಒಂಬತ್ತು ಗಂಟೆಗೆ ಮಂಚಕ್ಕೆ ಇಳಿದೆ. ವಾಯವ್ಯದ ಉಬ್ಬಲೆ ದೋಣಿಯ ಮೂತಿಯನ್ನು ಎತ್ತೆತ್ತಿ ಇಳಿಸುತ್ತಿತ್ತು, ಎಂಜಿನ್ನಿನ ಸದ್ದು ಹಲಗೆಯ ಮೂಲಕ ಹಲ್ಲಿನವರೆಗೂ ಬರುತ್ತಿತ್ತು. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ನುಂಗಿದವರಿಗೆ ನಿದ್ದೆ ಬಂತು. ಬೇಡವೆಂದು ಬಿಟ್ಟ ಒಬ್ಬರು ಆ ರಾತ್ರಿಯನ್ನೂ ಮರುದಿನವನ್ನೂ ಅಂಚಿನ ಕಂಬಿ ಹಿಡಿದುಕೊಂಡೇ ಕಳೆದರು.

ಶನಿವಾರ

ನಸುಕಿನ ಮೂರು ಗಂಟೆಯ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗಿದ್ದೇ ಎಚ್ಚರವಾಯಿತು. ಸ್ಯಾನ್ ಕ್ಲೆಮೆಂಟೆ ದ್ವೀಪ ಹಿಂದೆ ಬಿದ್ದಿತ್ತು. 1934ರಿಂದ ನೌಕಾಪಡೆಯ ವಶದಲ್ಲಿರುವ, ಗುಂಡು ಸಿಡಿಸುವ ಅಭ್ಯಾಸ ನಡೆಯುವ ದ್ವೀಪ ಅದು. ಅಭ್ಯಾಸವಿರುವ ದಿನ ಅದರ ಸುತ್ತಲ ನೀರಿನಿಂದ ಮೀನುಗಾರರು ಏಳಬೇಕಾಗುತ್ತದೆ. ನಾವು ಅದರಾಚೆ ಟ್ಯಾನರ್ ಬ್ಯಾಂಕಿನ ದಾರಿಯಲ್ಲಿದ್ದೆವು. ಮೇಲೆ ಬಂದರೆ ದೀಪಗಳ ಬೆಳಕಿನಲ್ಲಿ ಡೆಕ್ಕು ಬೆಳ್ಳಗೆ ಹೊಳೆಯುತ್ತಿತ್ತು, ಅದರಾಚೆ ಏನೂ ಇರಲಿಲ್ಲ.

ಕ್ಯಾಪ್ಟನ್ನಿನ ಕೋಣೆಯ ಬಾಗಿಲು ತೆರೆದಿತ್ತು. ಸುತ್ತಲ ನೀರನ್ನು ಎಲ್ಲ ದಿಕ್ಕಿಗೂ ತಡಕುವ ಸೋನಾರಿನ ಪರದೆಯ ಮೇಲೆ, ದೋಣಿಯ ಬಲಗಡೆ ಒಂದು ಕೆಂಪು ಮಚ್ಚೆ. ಹಿಂದಿನವರು ಹಕ್ಕಿ, ಡಾಲ್ಫಿನ್, ನೀರಿನ ಬಣ್ಣ ನೋಡಿ ಮೀನು ಹುಡುಕುತ್ತಿದ್ದರು. ಈಗಿನ ಕ್ಯಾಪ್ಟನ್ ಅವನ್ನೂ ನೋಡುತ್ತಾನೆ, ಆದರೆ ಕತ್ತಲೆಯಲ್ಲಿ ದೋಣಿ ನಿಲ್ಲಿಸುವ ಧೈರ್ಯ ಬರುವುದು ಈ ಪರದೆಯಿಂದ. ನನ್ನ ಅಭಿಪ್ರಾಯದಲ್ಲಿ ಮೀನು ಹಿಡಿಯುವ ಕೆಲಸದ ಮುಕ್ಕಾಲು ಪಾಲು ಅಲ್ಲಿಯೇ ಮುಗಿದಿರುತ್ತದೆ. ಗಾಳ ಹಾಕುವವರು ಫೋಟೋಕ್ಕೆ ನಿಲ್ಲುತ್ತಾರೆ, ಅಷ್ಟೇ.

ರಾತ್ರಿಯ ಬೇಟೆಗೆ ಎರೆ ಬೇಕಿಲ್ಲ. ಮುನ್ನೂರು ಗ್ರಾಂ ತೂಗುವ, ಚಾಕುವಿನ ಅಲಗಿನಂತೆ ಚಪ್ಪಟೆಯಾದ, ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಲೋಹದ ಹುಸಿ ಎರೆಯನ್ನು, ಅಂದರೆ ಜಿಗ್ಗನ್ನು, ಕೆಳಗೆ ಬಿಡಬೇಕು. ದಾರ ಇಂತಿಷ್ಟು ಉದ್ದಕ್ಕೊಮ್ಮೆ ಬಣ್ಣ ಬದಲಿಸುವುದರಿಂದ ಎಷ್ಟು ಇಳಿಯಿತೆಂದು ಎಣಿಸಬಹುದು. "ಇನ್ನೂರು ಅಡಿಯಿಂದ ಮುನ್ನೂರರ ನಡುವೆ" ಎಂದು ಧ್ವನಿವರ್ಧಕದಲ್ಲಿ ಕೇಳಿಬಂತು. ಇಳಿಸುವುದು, ಎರಡು ಸುತ್ತು ಎತ್ತುವುದು, ಮತ್ತೆ ಇಳಿಸುವುದು. ಹೆಚ್ಚಿನ ಸಲ ಟ್ಯೂನಾ ಜಿಗ್ಗನ್ನು ಕಚ್ಚುವುದು ಅದು ಬೀಳುತ್ತಿರುವಾಗಲೇ. ದಾರ ಇದ್ದಕ್ಕಿದ್ದಂತೆ ಸಡಿಲವಾಗಿ ನಿಂತುಬಿಟ್ಟರೆ ಮೀನು ಹಿಡಿದಿದೆ ಎಂದೇ ತಿಳಿದು ರೀಲನ್ನು ತಿರುಗಿಸಬೇಕು.

ಭಾವನ ದಾರ ಹಾಗೆ ನಿಂತಿತು. ಅವರು ಹಿಡಿಕೆ ತಿರುಗಿಸಿದ ಎರಡನೆಯ ಸುತ್ತಿಗೆ ಕೋಲು ಕಂಬಿಯ ಮೇಲೆ ಬಾಗಿ ಬಿದ್ದಿತು, ರೀಲು ಕಿರುಚಿತು. ಇಲ್ಲಿಯವರು ದೊಡ್ಡ ಮೀನಿಗೆ ಕೋಲನ್ನು ಎದೆಗೆ ಆನಿಸಿ ಹಿಡಿಯುವುದಿಲ್ಲ. ಅಂಚಿನ ಕಂಬಿಯ ಮೇಲೆ ಅಡ್ಡಲಾಗಿಟ್ಟು, ಹಿಡಿಯ ತುದಿಯನ್ನು ಒತ್ತಿ, ಸನ್ನೆಗೋಲಿನ ಹಾಗೆ ಬಳಸುತ್ತಾರೆ. ಅಂತರರಾಷ್ಟ್ರೀಯ ದಾಖಲೆಗಳನ್ನು ಇಡುವ ಐಜಿಎಫ್‌ಎ ಸಂಸ್ಥೆಯ ನಿಯಮದ ಪ್ರಕಾರ ಹೀಗೆ ದೋಣಿಯ ಅಂಚಿಗೆ ಕೋಲನ್ನು ಆನಿಸಿ ಎಳೆದ ಮೀನು ದಾಖಲೆಗೆ ಸಲ್ಲುವುದಿಲ್ಲ. ಆ ಹೊತ್ತಿನಲ್ಲಿ ದಾಖಲೆಯ ಯೋಚನೆ ಭಾವನಿಗಿದ್ದಂತೆ ತೋರಲಿಲ್ಲ. ರೀಲನ್ನು ಕೆಳಗಿನ ಗೇರಿಗೆ ಬದಲಿಸಿ ಒಂದೊಂದೇ ಸುತ್ತು ತಿರುಗಿಸುತ್ತಾ ಅವರು ದೋಣಿಯ ಮೂತಿಯವರೆಗೆ ನಡೆದು, ಸುತ್ತಿ ಮತ್ತೆ ಹಿಂಬದಿಗೆ ಬಂದರು. ಮುಂದೆ ಮುಂದೆ ಹೋಗುತ್ತಿದ್ದ ಕಲಾಸಿ ಬೇರೆಯವರ ಕೋಲುಗಳ ಮೇಲಿಂದ, ಕೆಳಗಿನಿಂದ ಇವರ ಕೋಲನ್ನು ದಾಟಿಸಿಕೊಡುತ್ತಿದ್ದ. "ನೋ ಆಂಗಲ್ಸ್, ನೋ ಟ್ಯಾಂಗಲ್ಸ್" ಎಂಬುದು ಈ ದೋಣಿಗಳ ನಿತ್ಯದ ಕೂಗು: ಮೀನು ಹೋದತ್ತ ನೀನೂ ಹೋಗಿ ದಾರವನ್ನು ನೇರವಾಗಿ ಎದುರಿಗೇ ಇಟ್ಟುಕೊಂಡರೆ ಇನ್ನೊಬ್ಬರ ದಾರಕ್ಕೆ ಸುತ್ತಿಕೊಳ್ಳುವುದಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಬೆಳಕಿನ ಅಂಚಿನಲ್ಲಿ ನಸುಬಿಳುಪಾದ ಒಂದು ದೊಡ್ಡ ಹೊಟ್ಟೆ ಹೊರಳಿತು. ಮೂರು ಗ್ಯಾಫ್ ಕೊಕ್ಕೆಗಳು ಒಟ್ಟಿಗೆ ಬಿದ್ದವು. ಮೀನು ಮನುಷ್ಯನಷ್ಟು ಭಾರವಿತ್ತು. ಭಾವ ಡೆಕ್ಕಿನ ಮೇಲೆಯೇ ಕುಳಿತು, "ಇನ್ನೊಂದು ಹೀಗೆ ಬಂದರೆ ನೀನೇ ಎಳಿ" ಎಂದರು.

ಆ ಕತ್ತಲೆಯಲ್ಲಿ ಇನ್ನು ಕೆಲವರಿಗೂ ಮೀನು ಬಂತು, ನನಗೆ ಬರಲಿಲ್ಲ. ಬೆಳಗಾಗುತ್ತಿದ್ದಂತೆ ಕಚ್ಚುವುದು ನಿಂತೇಹೋಯಿತು.

ಬೆಳಕು ಹರಿದಾಗ ಸುತ್ತಲೂ ಬೂದುಬಣ್ಣದ ಮೋಡ, ಅದರಷ್ಟೇ ಬೂದಾದ ನೀರು. ಬೇಸಿಗೆಯ ಮೊದಲ ಭಾಗದಲ್ಲಿ ಈ ತೀರದ ಮೇಲೆ ತಗ್ಗಿನ ಮೋಡ ಹೀಗೆ ಕವಿದಿರುವುದು ಮಾಮೂಲು. ತಂಪಾದ ಕಡಲಿನ ಮೇಲೆ ನಿಂತ ತೇವದ ಗಾಳಿಯನ್ನು ಮೇಲಿನ ಬಿಸಿಗಾಳಿ ಮುಚ್ಚಳ ಹಾಕಿ ಹಿಡಿದಿಡುತ್ತದೆ. ಕ್ಯಾಪ್ಟನ್ನಿನ ಕೋಣೆಯಲ್ಲಿ ನೀರಿನ ಉಷ್ಣತೆ 17 ಡಿಗ್ರಿ ಎಂದು ತೋರುತ್ತಿತ್ತು. ಈ ತಂಪು ನೀಲಿ ರೆಕ್ಕೆಯ ಟ್ಯೂನಾಕ್ಕೆ, ಅಂದರೆ ಬ್ಲೂಫಿನ್‌ಗೆ, ಹಿತವಾಗಿಯೇ ಇರುತ್ತದೆ. ಹೆಚ್ಚಿನ ಮೀನುಗಳ ಮೈ ಸುತ್ತಲ ನೀರಿನಷ್ಟೇ ತಣ್ಣಗಿದ್ದರೆ, ಟ್ಯೂನಾ ತನ್ನ ಸ್ನಾಯುಗಳಲ್ಲಿ ಹುಟ್ಟಿದ ಬಿಸಿಯನ್ನು ಕಿವಿರಿನಿಂದ ಸೋರಿಹೋಗಲು ಬಿಡುವುದಿಲ್ಲ. ಹೋಗುವ ಬಿಸಿರಕ್ತದ ಮತ್ತು ಬರುವ ತಣ್ಣನೆ ರಕ್ತದ ನಾಳಗಳು ಒತ್ತೊತ್ತಾಗಿ ಹೆಣೆದುಕೊಂಡು ಬಿಸಿಯನ್ನು ಒಳಗೇ ದಾಟಿಸಿಬಿಡುತ್ತವೆ. ಅದರ ಆ ಓಟ, ಆ ಪಟ್ಟು ಎರಡೂ ಇದರಿಂದಲೇ.

ಎಂಟು ಗಂಟೆಯಿಂದ ಸಾರ್ಡೀನುಗಳ ಸರದಿ. ಸೋನಾರಿನಲ್ಲಿ ಹಿಂಡು ಕಂಡೊಡನೆ ಕ್ಯಾಪ್ಟನ್ ವೇಗ ತಗ್ಗಿಸಿ ದೋಣಿಯನ್ನು ಪಕ್ಕಕ್ಕೆ ಜಾರುವಂತೆ ತಿರುಗಿಸುತ್ತಾರೆ, ಕಲಾಸಿ ಟ್ಯಾಂಕಿನಿಂದ ನಾಲ್ಕಾರು ಸಾರ್ಡೀನುಗಳನ್ನು ನೀರಿಗೆಸೆಯುತ್ತಾನೆ, ಗಾಳಿ ಮುಖಕ್ಕೆ ಬಡಿಯುವ ಬದಿಯಲ್ಲಿ ಎಲ್ಲರೂ ಸಾಲಾಗಿ ಗಾಳ ಬಿಡುತ್ತಾರೆ. ತೂಕ ಕಟ್ಟುವಂತಿಲ್ಲ, ಬೆಂಡೂ ಇಲ್ಲ. ಒಂದು ಸಣ್ಣ ಬಾಗುಗಾಳ, ಅದರಲ್ಲೊಂದು ಜೀವಂತ ಮೀನು, ಅಷ್ಟೇ. ಆ ಮೀನು ಓಡಿ ದೂರ ಹೋದರೆ ಟ್ಯೂನಾ ಸಿಗುತ್ತದೆ. ಸುತ್ತಿ ಸುತ್ತಿ ದೋಣಿಯ ನೆರಳಿಗೇ ಬಂದು ನಿಂತರೆ ಇಲ್ಲ.

ಆದ್ದರಿಂದ ಆರಿಸುವುದರಲ್ಲೇ ಎಲ್ಲವೂ ಇದೆ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಮಹಿಳೆಯೊಬ್ಬರು ಆರಿಸುವುದನ್ನು ನಾನು ಬಹಳ ಹೊತ್ತು ನೋಡಿದೆ. ಅವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಿರಲಿಲ್ಲ. ಟ್ಯಾಂಕಿನಲ್ಲಿ ಹಿಂಡಿನ ಜೊತೆ ಸುತ್ತದೆ ಮೇಲೆ ತೇಲುವುದನ್ನು ಬಿಟ್ಟರು, ಗೋಡೆಗೆ ಬಡಿದು ಬಡಿದು ಮೂಗು ಕೆಂಪಾದದ್ದನ್ನು ಬಿಟ್ಟರು, ಪಕ್ಕೆಯಲ್ಲಿ ಹುರುಪೆ ಎದ್ದು ಬೋಳಾದದ್ದನ್ನೂ ಬಿಟ್ಟರು. ಬೆನ್ನು ದಟ್ಟ ಹಸಿರಿರುವ, ಸಣ್ಣ ಬಲೆಯಿಂದ ತಪ್ಪಿಸಿಕೊಂಡು ಹೋಗುತ್ತಲೇ ಇರುವ ಒಂದನ್ನು ಬೆನ್ನಟ್ಟಿ ಹಿಡಿದು, ಒದ್ದೆ ಮಾಡಿಕೊಂಡ ಅಂಗೈಯಲ್ಲಿ ಹಿಂಡದೆ ಇಟ್ಟುಕೊಂಡು, ಮೂಗಿನ ಪಾರದರ್ಶಕವಾದ ಗಟ್ಟಿ ತುದಿಯಲ್ಲಿ ಗಾಳವನ್ನು ಅಡ್ಡಕ್ಕೆ ತೂರಿಸಿದರು. ಒಣಗೈ ತಗುಲಿದರೆ ಹುರುಪೆ ಅಂಗೈಗೇ ಅಂಟಿಬರುತ್ತದೆ. ಮೂಗಿಗೆ ಚುಚ್ಚಿದ ಸಾರ್ಡೀನು ಎಳೆದಾಗ ನೇರವಾಗಿ ಬರುತ್ತದೆ. ಕಿವಿರಿನ ಹಿಂದಣ ಗಡುಸು ಮೂಳೆಗೆ ಚುಚ್ಚಿದರೆ ದೋಣಿಯಿಂದ ದೂರಕ್ಕೆ, ಹೊಟ್ಟೆಯ ಕೆಳಗಿನ ರೆಕ್ಕೆಯ ಬಳಿ ಚುಚ್ಚಿದರೆ ಆಳಕ್ಕೆ ಈಜುತ್ತದೆ. ಒಂದು ಕ್ಷಣಕ್ಕೂ ಕಡಿಮೆ ಹೊತ್ತು ಅದು ಅವರ ಕೈಯಲ್ಲಿತ್ತು. ಎಸೆದ ಮೇಲೆ ಅದು ಹಿಂತಿರುಗಿ ನೋಡದೆ ಹೊರಟಿತು, ಹತ್ತೆಣಿಸುವುದರೊಳಗೆ ಅವರ ಕೋಲು ಬಾಗಿತು. ಅದೇ ಟ್ಯಾಂಕಿನಿಂದ, ಅದೇ ದಾರಕ್ಕೆ ಎರೆ ಸಿಕ್ಕಿಸಿ ಅವರ ಎರಡೂ ಪಕ್ಕದಲ್ಲಿ ನಿಂತವರಿಗೆ ಆ ಹಿಂಡಿನಿಂದ ಏನೂ ಸಿಗಲಿಲ್ಲ. ಬೆಲೆಬಾಳುವ ರೀಲುಗಳ ಬಗ್ಗೆ ಈ ಹವ್ಯಾಸದವರು ಆಡುವಷ್ಟು ಮಾತನ್ನು ಸಾರ್ಡೀನನ್ನು ಆರಿಸುವ ಬಗ್ಗೆ ಆಡಿದರೆ ಎಷ್ಟೋ ಮಂದಿಗೆ ಉಪಕಾರವಾದೀತು.

ಮಧ್ಯಾಹ್ನದ ಹೊತ್ತಿಗೆ ಹಿಂಡುಗಳು ಆಳಕ್ಕಿಳಿದವು. ದೋಣಿ ಇನ್ನಷ್ಟು ದಕ್ಷಿಣಕ್ಕೆ, ಕಾರ್ಟೆಸ್ ಬ್ಯಾಂಕಿನ ಅಂಚಿಗೆ ಹೋಯಿತು. ಸಾವಿರ ಮೀಟರಿಗೂ ಮೀರಿದ ಆಳದ ಕಡಲಿನ ನಡುವೆ ಮುಳುಗಿರುವ ಬೆಟ್ಟ ಇದು. ಇದರ ಅತಿ ಎತ್ತರದ ಜಾಗವಾದ ಬಿಷಪ್ ಬಂಡೆ ನೀರಿನಿಂದ ಒಂದೆರಡು ಮೀಟರ್ ಮಾತ್ರ ಕೆಳಗಿದೆ. 1985ರ ನವೆಂಬರಿನಲ್ಲಿ ಎಂಟರ್‌ಪ್ರೈಸ್ ಎಂಬ ಪರಮಾಣು ಚಾಲಿತ ವಿಮಾನವಾಹಕ ಹಡಗು ಇದಕ್ಕೆ ತಾಗಿ ತನ್ನ ತಳವನ್ನು ಸೀಳಿಕೊಂಡಿತ್ತು. ದಡ ಯಾವ ದಿಕ್ಕಿಗೂ ಕಾಣದ ಆ ಜಾಗದಲ್ಲಿ ಅಲೆ ಇದ್ದಕ್ಕಿದ್ದಂತೆ ಎದ್ದು ಒಡೆಯುವುದನ್ನು ದೂರದಿಂದ ನೋಡಿದೆವು. ಕಪ್ಪುಪಾದದ ಆಲ್ಬಟ್ರಾಸ್ ಒಂದು ದೋಣಿಯ ಹಿಂದೆ ನೀರಿನ ಮೇಲೆ ಕುಳಿತು, ಎಸೆದ ಸಾರ್ಡೀನುಗಳಲ್ಲಿ ಸತ್ತವನ್ನು ಆರಿಸಿ ತಿನ್ನುತ್ತಿತ್ತು. ಅಡುಗೆಯವರು ಕೊಟ್ಟ ಊಟವನ್ನು ನಾನು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕಂಬಿ ಹಿಡಿದು ಮುಗಿಸಿದೆ.

ಮೂರು ಗಂಟೆ ದಾಟಿದ ಮೇಲೆ ಮೋಡ ಹರಿಯಿತು. "ಹಿಂಡು ದೋಣಿಯ ಕೆಳಗೇ ಇದೆ, ಒಳ್ಳೆಯ ಎರೆ ಹಾಕಿ" ಎಂದು ಕ್ಯಾಪ್ಟನ್ ಕೂಗಿದರು. ಬೆಳಗ್ಗೆ ನೋಡಿದ್ದನ್ನು ನೆನಪಿಟ್ಟುಕೊಂಡು ಹಸಿರು ಬೆನ್ನಿನ ಒಂದನ್ನು ಹಿಡಿದು ಮೂಗಿಗೆ ಗಾಳ ತೂರಿಸಿ ಬಿಟ್ಟೆ. ರೀಲು ಪೂರ್ತಿ ಸಡಿಲ, ತಿರುಗುವ ದಾರದ ಮೇಲೆ ಹೆಬ್ಬೆರಳಿನ ಸೋಕು ಮಾತ್ರ. ಸಾರ್ಡೀನು ಈಜುವಾಗ ದಾರ ಒಂದೊಂದು ಸುತ್ತಾಗಿ, ತಡೆತಡೆದು ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಸುತ್ತುಗಳು ಒಮ್ಮೆಲೇ ಚಡಪಡಿಸಿದವು, ಏನೋ ಅದನ್ನು ಅಟ್ಟಿಸಿಕೊಂಡು ಬಂದಿತ್ತು. ಮರುಕ್ಷಣ ದಾರ ಹೆಬ್ಬೆರಳನ್ನು ಸುಡುವ ವೇಗದಲ್ಲಿ ಓಡಿತು. "ಎಣಿಸು, ಎಣಿಸು" ಎಂದು ಭಾವ ಹಿಂದಿನಿಂದ ಕೂಗಿದರು. ಬಾಗುಗಾಳಕ್ಕೆ ಕೋಲನ್ನು ಜಗ್ಗಿ ಎಳೆಯಬಾರದು. ಮೂರು ಎಣಿಸಿ, ರೀಲಿನ ಸನ್ನೆಯನ್ನು ನಿಧಾನವಾಗಿ ಮುಂದಕ್ಕೆ ತಳ್ಳಿದರೆ ಗಾಳ ತಾನಾಗಿ ಹೊರಳಿ ಬಾಯಿಯ ಮೂಲೆಗೆ ಕೂರುತ್ತದೆ. ಕೂತಿತು.

ಮೊದಲ ಓಟದಲ್ಲಿ ಮಾಡುವುದಕ್ಕೇನೂ ಇಲ್ಲ. ದಾರ ಹೋಗುವುದನ್ನು ನೋಡುತ್ತಾ ಅದರ ಹಿಂದೆ ನಡೆಯಬೇಕು. ಆಮೇಲೆ ಮೀನು ನೇರ ಕೆಳಗಿಳಿದು, ಅಗಲವಾದ ಸುತ್ತು ಹಾಕತೊಡಗಿತು. ಸುತ್ತಿನಲ್ಲಿ ಅದು ದೂರ ಹೋಗುವಾಗ ಹಿಡಿದು ನಿಲ್ಲುವುದು, ದೋಣಿಯ ಕಡೆಗೆ ತಿರುಗಿದಾಗ ಮಾತ್ರ ರೀಲು ತಿರುಗಿಸುವುದು ಎಂದು ಕಲಾಸಿ ಕಿವಿಯ ಬಳಿಯೇ ಹೇಳುತ್ತಿದ್ದ. ತೋಳಿನ ಒಳಭಾಗ ನಡುಗುತ್ತಿತ್ತು. ನೀರಿನ ಆಳದಲ್ಲಿ ಮೊದಲು ಒಂದು ಹಸಿರು ಮಿನುಗು, ಮರುಸುತ್ತಿಗೆ ಅದು ನೀಲಿಯಾಗಿ, ಅದರ ಮರುಸುತ್ತಿಗೆ ಬಾಲದ ಬಳಿಯ ಸಣ್ಣ ಹಳದಿ ರೆಕ್ಕೆಗಳ ಸಾಲೂ ಕಂಡಿತು. ಅಷ್ಟರಲ್ಲಿ ಇಪ್ಪತ್ತು ಮಾರು ಆಚೆ ಒಂದು ಕಡಲಸಿಂಹದ ತಲೆ ಎದ್ದಿತು. ಮೀನನ್ನು ಅದು ಕಸಿದರೆ ಸುಮ್ಮನಿರುವುದಷ್ಟೇ ದಾರಿ. ಕಲಾಸಿ ಕಾಯಲಿಲ್ಲ, ಸುತ್ತು ಪೂರ್ತಿಯಾಗುವ ಮೊದಲೇ ಬಗ್ಗಿ ಗ್ಯಾಫನ್ನು ಮೀನಿನ ತಲೆಗೆ ಹಾಕಿ ಒಂದೇ ಎಳೆತಕ್ಕೆ ಒಳಗೆ ತಂದ.

ಹದಿನೈದು ಕಿಲೋದ ಆಸುಪಾಸಿನ ಬ್ಲೂಫಿನ್. ಬಾಲ ಡೆಕ್ಕಿನ ಮೇಲೆ ಡೋಲಿನ ಬಡಿತದ ವೇಗದಲ್ಲಿ ಬಡಿಯುತ್ತಿತ್ತು. ಕಲಾಸಿ ಕಿವಿರನ್ನು ಕೊಯ್ದು ರಕ್ತ ಹರಿಯಲು ಬಿಟ್ಟ. ಹೋರಾಡಿ ಬಿಸಿಯೇರಿದ ಮೈಯನ್ನು ಹಾಗೇ ಬಿಟ್ಟರೆ ಮಾಂಸ ತಾನಾಗಿ ಬೆಂದಂತಾಗಿ ಮಂಕಾಗುತ್ತದೆ. ನಾನು ಮುಟ್ಟಿ ನೋಡಿದಾಗ ಮೀನಿನ ಒಳಭಾಗ ನಿಜವಾಗಿಯೂ ಬೆಚ್ಚಗಿತ್ತು. ಕಿವಿರಿಗೆ ನನ್ನ ಸಂಖ್ಯೆಯ ಚೀಟಿ ಹೊಡೆದು, ಘನೀಭವಿಸುವ ಮಟ್ಟದ ಹತ್ತಿರಕ್ಕೆ ತಂಪು ಮಾಡಿದ ಉಪ್ಪುನೀರಿನ ತೊಟ್ಟಿಗೆ ಅದನ್ನು ಇಳಿಸಿದರು.

ಈ ಮೀನು ಹುಟ್ಟಿದ್ದು ಇಲ್ಲಲ್ಲ. ಪೆಸಿಫಿಕ್ ಬ್ಲೂಫಿನ್ ಮೊಟ್ಟೆಯಿಡುವುದು ಜಪಾನಿನ ಸುತ್ತಲ ಕಡಲಿನಲ್ಲಿ. ಅವುಗಳಲ್ಲಿ ಕೆಲವು ಎಳವೆಯಲ್ಲೇ ಇಡೀ ಮಹಾಸಾಗರವನ್ನು ದಾಟಿ ಈ ತೀರಕ್ಕೆ ಬಂದು, ಕೆಲವು ವರ್ಷ ತಿಂದು ಬೆಳೆದು, ಮೊಟ್ಟೆಯಿಡಲು ಹಿಂದಿರುಗುತ್ತವೆ. ಅತಿಯಾದ ಬೇಟೆಯಿಂದ ಇವುಗಳ ಸಂಖ್ಯೆ ತೀರ ಕುಸಿದಾಗ, 2015ರಲ್ಲಿ ಕ್ಯಾಲಿಫೋರ್ನಿಯಾದ ಹವ್ಯಾಸಿಗಳಿಗಿದ್ದ ದಿನಕ್ಕೆ 10 ಮೀನುಗಳ ಮಿತಿಯನ್ನು 2ಕ್ಕೆ ಇಳಿಸಿದರು, ಪೆಸಿಫಿಕ್ಕಿನ ಪಶ್ಚಿಮ ದಡದ ದೇಶಗಳ ಬಲೆಗಳಿಗೂ ಮಿತಿ ಬಿತ್ತು. 2024ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಮೊಟ್ಟೆಯಿಡುವ ಮೀನುಗಳ ರಾಶಿ, ಬೇಟೆಯೇ ಇಲ್ಲದಿದ್ದರೆ ಇರುತ್ತಿದ್ದುದರ 20 ಶೇಕಡಾ ಎಂಬ ಗುರಿಯನ್ನು ಗೊತ್ತುಮಾಡಿದ ಗಡುವಿಗಿಂತ ಹತ್ತು ವರ್ಷ ಮೊದಲೇ ದಾಟಿತ್ತು. ಎರಡೇ ಮೀನೇ ಎಂದು ಗೊಣಗುವ ಒಬ್ಬರು ನಮ್ಮ ದೋಣಿಯಲ್ಲೂ ಇದ್ದರು. ಅವರ ಗೊಣಗಾಟ ನನಗೆ ಹಿಡಿಸಲಿಲ್ಲ: ಎರಡು ಬ್ಲೂಫಿನ್ನನ್ನು ಮುಗಿಸಲಾಗದೆ ನೆರೆಹೊರೆಗೆ ಹಂಚುವವರೇ ಎಲ್ಲರೂ.

ಸೂರ್ಯ ಮುಳುಗುವವರೆಗೆ ಇನ್ನೂ ಕೆಲವು ಸಲ ದೋಣಿ ನಿಂತಿತು. ನನಗೆ ಎರಡನೆಯ ಮೀನು ಸಿಗಲಿಲ್ಲ. ಕೊನೆಯ ನಿಲುಗಡೆಯಲ್ಲಿ ಟ್ಯಾಂಕಿನಲ್ಲಿ ಉಳಿದಿದ್ದವು ಮೂಗು ಕೆಂಪಾದವು, ಹುರುಪೆ ಉದುರಿದವು ಮಾತ್ರ; ಅವಕ್ಕೆ ಯಾವುದೂ ಬರಲಿಲ್ಲ.

ಭಾನುವಾರ

ಹಿಂತಿರುಗುವ ರಾತ್ರಿ ಕಲಾಸಿಗಳು ಮಲಗಿದ್ದನ್ನು ನಾನು ಕಾಣಲಿಲ್ಲ. ಐದು ಗಂಟೆಗೆ ಎದ್ದು ಬಂದಾಗ ಹಿಂಬದಿಯ ಹಲಗೆಯ ಮೇಲೆ ಮೀನು ಸೀಳುವ ಕೆಲಸ ನಡೆಯುತ್ತಿತ್ತು. ಟ್ಯೂನಾವನ್ನು ದೋಣಿಯಲ್ಲಿ ಇಷ್ಟಬಂದಂತೆ ಕತ್ತರಿಸುವಂತಿಲ್ಲ. ಪ್ರತಿ ಮೀನೂ ಆರು ತುಂಡಾಗಬೇಕು: ಚರ್ಮ ಹಾಗೇ ಇರುವ ನಾಲ್ಕು ಉದ್ದ ಮಾಂಸದ ಪಟ್ಟಿಗಳು, ಎದೆಯ ಎರಡೂ ರೆಕ್ಕೆ ಅಂಟಿಕೊಂಡಿರುವ ಕತ್ತಿನ ಭಾಗ ಒಂದು, ಕೆಳರೆಕ್ಕೆಗಳ ಸಮೇತ ಹೊಟ್ಟೆಯ ಭಾಗ ಒಂದು. ಒಂದು ಮೀನಿನ ತುಂಡುಗಳನ್ನು ಇನ್ನೊಂದರ ಜೊತೆ ಬೆರೆಸದೆ ಬೇರೆ ಬೇರೆ ಚೀಲಗಳಲ್ಲಿಟ್ಟು ಗುರುತು ಹಾಕಬೇಕು. ಬ್ಲೂಫಿನ್ನಿನ ಎದೆಯ ರೆಕ್ಕೆ ಗಿಡ್ಡ, ಹಳದಿ ರೆಕ್ಕೆಯ ಟ್ಯೂನಾದ್ದು ಉದ್ದ. ಧಕ್ಕೆಯಲ್ಲಿ ತಪಾಸಣೆಯ ಅಧಿಕಾರಿ ಚೀಲ ತೆರೆದರೆ ಯಾವ ಜಾತಿ, ಎಷ್ಟು ಮೀನು ಎಂದು ಈ ತುಂಡುಗಳಿಂದಲೇ ಲೆಕ್ಕ ಹಾಕುತ್ತಾನೆ. ಚಾಕು ಹಿಡಿದಿದ್ದ ಕಲಾಸಿ ಒಂದೊಂದು ಪಟ್ಟಿಯನ್ನೂ ನಾಲ್ಕು ಕೊಯ್ತದಲ್ಲಿ ಬೆನ್ನುಮೂಳೆಯಿಂದ ಬಿಡಿಸುತ್ತಿದ್ದ, ಮೂಳೆಯ ಮೇಲೆ ಮಾಂಸದ ಎಳೆ ಉಳಿಯುತ್ತಿರಲಿಲ್ಲ. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಚಾಕು ನಿಲ್ಲುತ್ತಿತ್ತು, ನೇರವಾದಾಗ ಮುಂದುವರಿಯುತ್ತಿತ್ತು.

ನನ್ನ ಪಾಲಿಗೆ ಬಂದ ಕತ್ತಿನ ತುಂಡನ್ನು ತೋರಿಸಿ ಭಾವ, "ಇದನ್ನು ಯಾರಿಗೂ ಕೊಡಬೇಡ. ಉಪ್ಪು ಹಚ್ಚಿ ಕೆಂಡದ ಮೇಲೆ ಇಟ್ಟರೆ ಸಾಕು. ಉಳಿದದ್ದನ್ನು ಬೇಕಾದರೆ ಹಂಚು" ಎಂದರು.

ಏಳು ಗಂಟೆಗೆ ಮಂಜಿನಲ್ಲಿ ಪಾಯಿಂಟ್ ಲೋಮಾದ ಕೆಳಗಿನ ದೀಪ ಕಂಡಿತು. ಧಕ್ಕೆಯಲ್ಲಿ ಅತಿ ದೊಡ್ಡ ಮೀನಿನ ತೂಕ ಹಾಕುವ ಶಾಸ್ತ್ರ ನಡೆಯಿತು. ಹೊರಡುವಾಗಲೇ ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಕೂಡಿಸಿದ ಮೊತ್ತ ಆ ಮೀನು ಹಿಡಿದವರಿಗೆ ಸಲ್ಲುತ್ತದೆ. ರಾತ್ರಿಯ ಬೇಟೆಯ ಎರಡು ಮೀನುಗಳ ನಡುವೆ ಕಣ್ಣಳತೆಗೆ ವ್ಯತ್ಯಾಸ ಕಾಣದೆ ಎರಡನ್ನೂ ತೂಗಿದರು. ಭಾವನದ್ದು ನಾಲ್ಕು ಪೌಂಡು ಕಡಿಮೆ ಬಂತು. ಗೆದ್ದವರು ಆ ಹಣವನ್ನು ಅಲ್ಲೇ ಕಲಾಸಿಗಳ ಟಿಪ್ಪಿಗೆ ಸೇರಿಸಿದರು. ಟಿಪ್ಪು ಇಲ್ಲಿ ಔದಾರ್ಯವಲ್ಲ, ಅವರ ಸಂಪಾದನೆಯ ದೊಡ್ಡ ಪಾಲು ಅದೇ, ಮತ್ತು ಪ್ರಯಾಣದ ವೆಚ್ಚದ ಲೆಕ್ಕ ಹಾಕುವವರು ಅದನ್ನೂ ಮೊದಲೇ ಸೇರಿಸಿಕೊಳ್ಳುವುದು ಮರ್ಯಾದೆ.

ಕೈಗಾಡಿಯಲ್ಲಿ ಐಸ್‌ಪೆಟ್ಟಿಗೆಗಳನ್ನು ತಳ್ಳಿಕೊಂಡು ನಾವು ಮೇಲೇರುವಾಗ, ಅದೇ ಸಂಜೆ ಅದೇ ದೋಣಿಯಲ್ಲಿ ಹೊರಡಬೇಕಾದ ಗುಂಪಿನ ಇಬ್ಬರು ಮುಂಚಿತವಾಗಿಯೇ ಬಂದು ಕೋಲುಗಳನ್ನು ಗೇಟಿನ ಬಳಿ ಸಾಲಾಗಿ ಒರಗಿಸಿಡುತ್ತಿದ್ದರು. ಎಷ್ಟು ಮೀನು ಸಿಕ್ಕಿತೆಂದು ಅವರು ಕೇಳಲಿಲ್ಲ. ಸಾರ್ಡೀನು ಎಷ್ಟು ದೊಡ್ಡವಿದ್ದವು, ಎಷ್ಟು ಹೊತ್ತಿನವರೆಗೆ ಗಟ್ಟಿಯಾಗಿದ್ದವು ಎಂದು ಭಾವನನ್ನು ಕೇಳಿದರು. ಮಧ್ಯಾಹ್ನದವರೆಗೆ ಚೆನ್ನಾಗಿದ್ದವು, ಸಂಜೆಗೆ ಸೊರಗಿದವು ಎಂದು ಹೇಳಿ, ಇವತ್ತು ಬೇರೆ ಗೂಡಿನಿಂದ ತುಂಬಿಸಿಕೊಳ್ಳುವಂತೆ ಕ್ಯಾಪ್ಟನ್ನಿಗೆ ಒಂದು ಮಾತು ಹಾಕಿ ಎಂದು ಭಾವ ಅವರಿಗೆ ಸಲಹೆ ಕೊಟ್ಟರು. ಹಿಂದೆ ಕಲಾಸಿಯೊಬ್ಬ ಖಾಲಿ ಟ್ಯಾಂಕಿನೊಳಗೆ ಇಳಿದು ಅದರ ಗೋಡೆಗಳನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದ.